ಒಲೆ ಹಚ್ಚಬ್ಯಾಡಿ

ನಮ್ಮ ತವರುಮನೆಯಲ್ಲಿ ಲೆಕ್ಕ ಅಂದರೆ ನಾನೇ. ಜಂಬಕ್ಕೆ ಹೇಳ್ತಿಲ್ಲ, ಬೇರೆ ಯಾರ ಕೈಲೂ ಆಗಲ್ಲ, ಅದಕ್ಕೆ ಹೇಳ್ತಿದೀನಿ. ಅಪ್ಪ ರೇಷ್ಮೆ ಗೂಡು ಮಾರಿ ದುಡ್ಡು ಬಿಡಿಸಿಕೊಂಡು ಬಂದರೆ ಅದು ಅವನ ಅಂಗಿ ಜೇಬಲ್ಲಿ ಸುರುಳಿ ಸುತ್ತಿಕೊಂಡು ಕೂತಿರುತ್ತೆ. ದಾರಿಯಲ್ಲಿ ಯಾರು ಕೇಳಿದರೂ ಎಣಿಸದೆ ತೆಗೆದು ಕೊಡ್ತಾನೆ. ಅವ್ವ ಕುರಿ ಮಾರಿದ ದುಡ್ಡನ್ನ ಹುರುಳಿ ಡಬ್ಬದೊಳಗೆ ಹೂತಿಟ್ಟು, ಯಾವ ಡಬ್ಬ ಅಂತ ಮರೆತು, ಆಮೇಲೆ ಇಡೀ ಅಡುಗೆಮನೆ ಬುಡಮೇಲು ಮಾಡ್ತಾಳೆ. ತಮ್ಮನದೆಲ್ಲ ಫೋನಿನಲ್ಲಿ. ಬೆರಳಲ್ಲಿ ಒಂದು ಸಲ ಒತ್ತಿದ, ಹೋಯ್ತು, ಏನಕ್ಕೆ ಹೋಯ್ತು ಅಂತ ಅವನಿಗೂ ನೆನಪಿರಲ್ಲ.

ನನ್ನನ್ನ ಕೊಟ್ಟಿರೋದು ಚನ್ನಪಟ್ಟಣದ ಕಡೆ. ಗಂಡನ ಊರಿನ ಹಾಲಿನ ಡೇರಿಯಲ್ಲಿ ಬೆಳಿಗ್ಗೆ ಸಾಯಂಕಾಲ ಹಾಲು ಅಳೆದು ಬರೆದುಕೊಳ್ಳೋ ಕೆಲಸ ನನ್ನದು. ಅರ್ಧ ಲೀಟರ್ ಜಾಸ್ತಿ ಬರೆಸಿಕೊಳ್ಳೋಕೆ ನೋಡೋರು, ಹಾಲಿಗೆ ನೀರು ಬೆರೆಸಿ ದೇವರಾಣೆ ಇಡೋರು, ಎಲ್ಲರನ್ನೂ ದಿನಾ ಎರಡು ಹೊತ್ತು ನೋಡಿ ನನ್ನ ಬಾಯಿ ಜೋರಾಗಿದೆ ಅಂತ ಗಂಡ ಹೇಳ್ತಾನೆ. ಬಾಯಿ ಮೊದಲಿಂದಲೂ ಜೋರೇ ಇತ್ತು. ಡೇರಿಯಿಂದ ಅದಕ್ಕೊಂದು ಕೆಲಸ ಸಿಕ್ಕಿತು ಅಷ್ಟೇ.

ಹೋದ ವರ್ಷ ತಮ್ಮನಿಗೆ ಮರಳವಾಡಿ ಕಡೆಯಿಂದ ಹೆಣ್ಣು ಗೊತ್ತಾಯ್ತು. ಮದುವೆ ಕನಕಪುರದ ಛತ್ರದಲ್ಲಿ, ಅದು ಹೆಣ್ಣಿನ ಕಡೆಯವರ ಖರ್ಚು. ಮೂರನೇ ದಿನ ಬೀಗರೂಟ ನಮ್ಮೂರಲ್ಲಿ, ಅದು ನಮ್ಮ ಖರ್ಚು. ನಮ್ಮೂರು ಮಾಗಡಿ ತಾಲ್ಲೂಕು, ಕಲ್ಯದಿಂದ ಒಸಿ ದೂರ. ನಮ್ಮ ಕಡೆ ಮದುವೆ ಊಟ ಹೆಂಗಾದರೂ ಇರಲಿ, ಯಾರೂ ನೆನಪಿಟ್ಟುಕೊಳ್ಳಲ್ಲ. ಬೀಗರೂಟದ ಬಾಡು ಒಸಿ ಬೇಯದಿದ್ದರೂ ಮೂರು ತಲೆಮಾರು ಹೇಳಿಕೊಂಡು ಓಡಾಡ್ತಾರೆ.

ತಮ್ಮ ಫೋನ್ ಮಾಡಿ, "ಅಕ್ಕ, ಬೀಗರೂಟದ ಬಜೆಟ್ ನೀನೇ ಹಾಕ್ಬೇಕು ಕಣಕ್ಕ. ಅಪ್ಪನ ಕೈಗೆ ಕೊಟ್ರೆ ಮುಗೀತು" ಅಂದ. ಬಿಡದಿ ಕಡೆ ಒಂದು ಫ್ಯಾಕ್ಟರಿಯಲ್ಲಿ ಕೆಲಸ ಮಾಡೋನು ಅವನು. ಮೂರು ವರ್ಷ ಕೂಡಿಟ್ಟಿದ್ದು ಒಂದು ಲಕ್ಷ. ಅಪ್ಪನ ಎರಡು ಬೆಳೆ ಗೂಡಿನದು ಇನ್ನೊಂದು ಲಕ್ಷ. ಒಟ್ಟು ಎರಡು ಲಕ್ಷ, ಅದರ ಮೇಲೆ ಒಂದು ಪೈಸೆ ಇಲ್ಲ, ಸಾಲ ಅನ್ನೋ ಮಾತೇ ಎತ್ತಂಗಿಲ್ಲ ಅಂತ ನಾನು ಮೊದಲೇ ಗೆರೆ ಎಳೆದೆ. ಡೇರಿಯಿಂದ ಒಂದು ವಾರ ರಜಾ ಹಾಕಿ, ಉದ್ದನೆಯ ಲೆಕ್ಕದ ಪುಸ್ತಕ ಒಂದನ್ನ ಕಂಕುಳಲ್ಲಿಟ್ಟುಕೊಂಡು ಬಸ್ಸಿಂದ ಇಳಿದೆ. ಅಪ್ಪ ನನ್ನ ಚೀಲ ಈಸಿಕೊಳ್ಳೋಕೆ ಬಂದೋನು ಪುಸ್ತಕ ನೋಡಿ, "ಬಂದ್ರಪ್ಪ ಅಮಲ್ದಾರ್ರು" ಅಂದ.

ಪುಸ್ತಕದ ಮೊದಲನೇ ಪುಟದಲ್ಲಿ, ಎಲ್ಲಕ್ಕಿಂತ ಮೇಲೆ, ನಾನು ಒಂದೇ ಸಾಲು ಬರೆದೆ. ಅವ್ವನ ಕುರಿ ಮುಟ್ಟಂಗಿಲ್ಲ.

ಅದು ಯಾಕೆ ಅಂತ ಹೇಳ್ತೀನಿ. ಅವ್ವನಿಗೆ ಮಂಡಿ ನೋವು. ಬಚ್ಚಲು, ಕಕ್ಕಸು ಎರಡೂ ನಮ್ಮ ಮನೆಯಲ್ಲಿ ಹಿತ್ತಲ ಕೊನೆಗೆ, ಕೊಟ್ಟಿಗೆ ದಾಟಿ, ನಾಲ್ಕು ಮೆಟ್ಟಿಲು ಇಳಿದು ಹೋಗಬೇಕು. ಮಳೆ ಬಂದರೆ ಆ ಮೆಟ್ಟಿಲು ಪಾಚಿ ಕಟ್ಟಿ ಜಾರುತ್ತೆ. ಎರಡು ಸಲ ಬಿದ್ದಿದ್ದಳು. ಕೂತರೆ ಏಳೋಕಾಗಲ್ಲ, ಎದ್ದರೆ ಕೂರೋಕಾಗಲ್ಲ. ಪಕ್ಕದ ಗೋಡೆಗೆ ಒಂದು ಹಗ್ಗ ಕಟ್ಟಿಕೊಂಡು ಅದನ್ನ ಹಿಡಿದು ಏಳ್ತಿದ್ದಳು. ಅದಕ್ಕೇ ಅವ್ವ ಆರು ಟಗರು ಸಾಕಿದ್ದಳು. ಹೆಣ್ಣು ಕುರಿ ಐದು ಬೇರೆ, ಅವು ಮರಿಗೆ. ಈ ಆರು ಟಗರು ಗೌರಿಹಬ್ಬದ ಹೊತ್ತಿಗೆ ಮಾರೋದು, ಆ ದುಡ್ಡಲ್ಲಿ ಒಳಗಡೆಗೇ, ಮಲಗೋ ಕೋಣೆ ಪಕ್ಕಕ್ಕೇ, ಕುರ್ಚಿ ಥರದ ಕಮೋಡ್ ಇಟ್ಟು ಒಂದು ಬಚ್ಚಲುಮನೆ ಕಟ್ಟಿಸೋದು. ಮೇಸ್ತ್ರಿ ಬಂದು ಅಳತೆ ಹಾಕಿ, ಎಪ್ಪತ್ತು ಸಾವಿರ ಅಂತ ಹೇಳಿ ಹೋಗಿದ್ದ. ಅವ್ವ ಸುಣ್ಣದಲ್ಲಿ ನೆಲದ ಮೇಲೆ ಗೆರೆ ಕೂಡ ಎಳೆದುಬಿಟ್ಟಿದ್ದಳು. ಆ ಗೆರೆಯೊಳಗೆ ಯಾರೂ ಚಪ್ಪಲಿ ಬಿಡಂಗಿರಲಿಲ್ಲ.

ಸರಿ, ಎರಡು ಲಕ್ಷ. ಮೊದಲು ಎಷ್ಟು ಎಲೆ ಅನ್ನೋದು ಗೊತ್ತಾಗಬೇಕು. ಬೀಗರ ಕಡೆಯವರು ಎರಡು ಬಸ್ಸು, ನೂರಿಪ್ಪತ್ತು. ನೆಂಟರು ನೂರರವತ್ತು. ಊರಲ್ಲಿ ಮನೆ ನೂರಿಪ್ಪತ್ತು, ಮನೆಗೊಬ್ಬರು ಅಂದರೆ ನೂರಿಪ್ಪತ್ತು. ನಾನೂರು ಎಲೆ. ಅಡುಗೆಯವನು ಮಾಗಡಿಯಿಂದ ಬಂದ. ಬಾಡೂಟ ಮಾಡೋದರಲ್ಲಿ ಎತ್ತಿದ ಕೈ, ಸುಳ್ಳು ಹೇಳೋದರಲ್ಲೂ ಅಷ್ಟೇ. "ನಾನೂರಕ್ಕೆ ಹತ್ತು ಟಗರು ಬೇಕು ತಾಯಿ" ಅಂದ. ನಾನು ಏಳು ಅಂದೆ. ಅರ್ಧ ಗಂಟೆ ಗುದ್ದಾಡಿ ಎಂಟಕ್ಕೆ ನಿಂತಿತು. ಎಂಟು ಟಗರಿಗೆ ತೊಂಬತ್ತಾರು ಸಾವಿರ. ಅವನ ಕೂಲಿ, ಬಡಿಸೋರು, ಶಾಮಿಯಾನ, ಪಾತ್ರೆ ಬಾಡಿಗೆ, ಅಕ್ಕಿ, ಎಣ್ಣೆ, ಮಸಾಲೆ, ಎಲೆ, ಸೌದೆ. ರಾಗಿ, ತೆಂಗಿನಕಾಯಿ ನಮ್ಮದೇ. ಆದರೂ ನಾನು ಅದಕ್ಕೂ ಬೆಲೆ ಕಟ್ಟಿ ಬರೆದೆ. ಮನೇದು ಅಂದರೆ ಬಿಟ್ಟಿನಾ? ಬೆವರು ಸುರಿಸಿಲ್ವಾ ಅದಕ್ಕೆ?

ಅಪ್ಪ ಬಾಗಿಲಲ್ಲಿ ನಿಂತು ನೋಡ್ತಿದ್ದೋನು, "ನಾನೂ ಮನೇವ್ನೆ ಕಣವ್ವ. ನಂಗೆ ದಿನಕ್ಕೆ ಎಷ್ಟು ಕೂಲಿ ಬರ್ದಿದೀಯ, ಒಸಿ ಓದು" ಅಂದ. ಅವ್ವ ಒಳಗಿಂದ, "ಅದ ಬರ್ದ್ರೆ ನೀನೇ ಕೊಡ್ಬೇಕಾಯ್ತದೆ, ಬಜೆಟ್ಟಲ್ಲಿ ದುಡ್ಡು ಮಿಗ್ತದೆ" ಅಂದಳು.

ಆಮೇಲೆ ಕತ್ತರಿ ಹಿಡಿದೆ. ತಮ್ಮನಿಗೆ ಮೇಲೆ ಹಾರಾಡೋ ಕ್ಯಾಮೆರಾ ಬೇಕಿತ್ತು. "ಏನ್ಲಾ, ನೀನು ಮುದ್ದೆ ಮುರಿಯೋದನ್ನ ಆಕಾಶದಿಂದ ಯಾರು ನೋಡ್ಬೇಕು?" ಅಂದೆ, ಹೋಯ್ತು. ಐಸ್‌ಕ್ರೀಮು ಹೋಯ್ತು. ತಲೆಗೊಂದು ನೀರಿನ ಬಾಟಲಿ ಹೋಯ್ತು, ಸ್ಟೀಲ್ ಲೋಟ ಬಂತು. ಬೀಗರು ಬಂದಿಳಿಯೋವಾಗ ಬಡಿಯೋ ವಾಲಗ ಮಾತ್ರ ಉಳಿಸಿದೆ, ಅದನ್ನ ತೆಗೆದರೆ ಅಪ್ಪ ಊಟ ಬಿಡ್ತಿದ್ದ. ಎಲ್ಲ ಕೂಡಿಸಿದರೆ ಒಂದು ಲಕ್ಷದ ತೊಂಬತ್ತೊಂದು ಸಾವಿರ. ಒಂಬತ್ತು ಸಾವಿರ ಕೈಮೀಸಲು. ಆವತ್ತು ಮಧ್ಯಾಹ್ನ ನಾನು ಮುದ್ದೆ ಎಷ್ಟು ರುಚಿಯಾಗಿ ಉಂಡೆ ಅಂದರೆ, ಅವ್ವ ಇನ್ನೊಂದು ಅರ್ಧ ಹಾಕಿದಳು.

ಊರಿನವರನ್ನ ಕರೆಯೋದು ಅಪ್ಪನ ಕೆಲಸ. ಮನೆ ಮನೆಗೆ ಹೋಗಿ ಅರಿಶಿನ ಕುಂಕುಮ ಕೊಟ್ಟು ಬಾಯಲ್ಲಿ ಹೇಳಬೇಕು, ಕಾರ್ಡಿಗೆ ನಮ್ಮೂರಲ್ಲಿ ಮರ್ಯಾದೆ ಇಲ್ಲ. ಅವ್ವ ಜೊತೆಗೆ ಹೋಗಬೇಕಿತ್ತು, ಮಂಡಿ ಬಿಡಲಿಲ್ಲ. ಅತ್ತೆ, ಅಂದರೆ ಅಪ್ಪನ ತಂಗಿ, ಹೋದಳು. ನಾನು ಒಂದು ಹಾಳೆಯಲ್ಲಿ ಮನೆಗಳ ಪಟ್ಟಿ ಬರೆದು, ಮೇಲೆ ದಪ್ಪ ಅಕ್ಷರದಲ್ಲಿ "ಮನೆಗೊಬ್ರು" ಅಂತ ಬರೆದು, ಕೆಳಗೆ ಎರಡು ಗೆರೆ ಎಳೆದು ಅಪ್ಪನ ಜೇಬಿಗೆ ಇಟ್ಟೆ. ಅಪ್ಪ ಜೇಬನ್ನ ತಟ್ಟಿಕೊಂಡು, "ಆಯ್ತು ಮಗ" ಅಂದ. ಆಯ್ತು ಮಗ ಅಂದರೆ ಆಯ್ತು ಅಂತ ನಂಬಿದೆ ನೋಡಿ, ನನ್ನಂಥ ದಡ್ಡಿ ಇನ್ನೊಬ್ಬಳಿಲ್ಲ.

ನಮ್ಮ ಕಡೆ ಊಟಕ್ಕೆ ಕರೆಯೋದು ಎರಡು ಥರ. "ಮನೆಗೊಬ್ರು ಬನ್ನಿ" ಅಂದರೆ ಮನೆಯಿಂದ ಒಬ್ಬರು ಬಂದು ಉಂಡು ಹೋಗ್ತಾರೆ. ಅದರಲ್ಲಿ ಬೇಜಾರಿಲ್ಲ. ಇನ್ನೊಂದು, "ಒಲೆ ಹಚ್ಚಬ್ಯಾಡಿ." ಅದು ಬಾಯಿಂದ ಬಿತ್ತೋ, ಮುಗೀತು. ಆ ಮನೆಯ ಅಷ್ಟೂ ಜನ, ಬಾಣಂತನಕ್ಕೆ ಬಂದಿರೋ ಮಗಳು, ಅವಳನ್ನ ನೋಡೋಕೆ ಬಂದಿರೋ ಅಳಿಯ, ತೋಟದ ಕೆಲಸಕ್ಕೆ ಬಂದಿರೋ ಆಳು, ಎಲ್ಲ ನಮ್ಮ ಎಲೆಗೇ. ಏಳಲಾಗದ ಮುದುಕರಿಗೆ ಕ್ಯಾರಿಯರ್‌ನಲ್ಲಿ ಊಟ ಹೋಗಬೇಕು. ಹಂಗೆ ಕರೆಸಿಕೊಂಡೂ ಮನೇಲಿ ಒಲೆ ಹಚ್ಚಿದರೆ ಅದು ಕರೆದವರಿಗೆ ಅವಮಾನ. ಈಗ ಎಲ್ಲರ ಮನೆಯಲ್ಲೂ ಗ್ಯಾಸು, ಕುಕ್ಕರು. ಆದರೂ ಮಾತು ಅದೇ, ಲೆಕ್ಕವೂ ಅದೇ.

ಬೀಗರೂಟಕ್ಕೆ ನಾಲ್ಕು ದಿನ ಇದೆ ಅನ್ನುವಾಗ, ನಾನು ಹಿಂದಿನ ಬೀದಿಯ ಅಜ್ಜಿ ಮನೆಗೆ ದೊಡ್ಡ ಕೊಳಗ ಕೇಳೋಕೆ ಹೋದೆ. ಚಿಕ್ಕಂದಿನಲ್ಲಿ ನನಗೆ ಜಡೆ ಹಾಕ್ತಿದ್ದ ಅಜ್ಜಿ ಅದು. ಹಲ್ಲಿಲ್ಲ, ಮಾತಿಗೇನೂ ಕಮ್ಮಿ ಇಲ್ಲ. ಕೊಳಗ ಕೊಟ್ಟು, "ನನ್ ಮಗ್ಳು, ಅಳಿಯ, ಎರಡ್ ಮಕ್ಳು ಬೈರಮಂಗಲದಿಂದ ಅವತ್ತೇ ಬತ್ತಾವ್ರೆ ಕಣವ್ವ. ಅವ್ರ್ನೂ ಕರ್ಕೊಂಡ್ ಬತ್ತೀನಿ. ನಿಮ್ಮಪ್ಪ ಒಲೆ ಹಚ್ಚಬ್ಯಾಡಿ ಅಂದ್ಮ್ಯಾಲೆ ಅವ್ರ್ನ ಉಪಾಸ ಕೆಡವಕಾಯ್ತದಾ?" ಅಂದಳು.

ನನ್ನ ಕೈಲಿದ್ದ ಕೊಳಗ ಜಗಲಿಗೆ ಠಣ್ ಅಂತ ಬಿತ್ತು. "ನಿಮ್ಮನೇಗೆ ಮಾತ್ರ ಅಂದ್ನಾ ಅಜ್ಜಿ?"

"ಊರ್ಗೆಲ್ಲ ಅಂದವ್ನೆ. ನಿನ್ ಸಲುವಾಗಾದ್ರೂ ಬರ್ಲೇಬೇಕಲ್ವಾ" ಅಂತ ನನ್ನ ಕೆನ್ನೆ ಹಿಂಡಿದಳು. ಅದೊಂದು ಉಪಚಾರದ ಮಾತು ಅಂದುಕೊಂಡು ನಾನು ಕೊಳಗ ಅಲ್ಲೇ ಬಿಟ್ಟು ಓಡಿದೆ.

ಅಪ್ಪ ಹಿಪ್ಪುನೇರಳೆ ತೋಟದಲ್ಲಿ ನೀರು ಹಾಯಿಸ್ತಿದ್ದ. ಬದುವಿನ ಮೇಲೆ ನಿಂತು ಎಷ್ಟು ಕೂಗಾಡಿದೆ ಅಂದರೆ, ಪಕ್ಕದ ಹೊಲದೋರು ಕಳೆ ಕೀಳೋದು ಬಿಟ್ಟು ನಿಂತರು. ನೂರಿಪ್ಪತ್ತು ಮನೆ, ಮನೆಗೆ ನಾಲ್ಕು ಜನ ಹಿಡಿದರೂ ನಾನೂರೆಂಬತ್ತು. ನಾನೂರು ಎಲೆ ಅಂದುಕೊಂಡಿದ್ದು ಏಳುನೂರರವತ್ತು ಎಲೆ ಆಯ್ತಲ್ಲಪ್ಪಾ! ಇನ್ನು ಆರು ಟಗರು ಎಲ್ಲಿಂದ ತರ್ತೀಯ? ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತ ನನಗೆ ಹೇಳಿಕೊಟ್ಟೋನೇ ನೀನು! ಊರಿಗೆಲ್ಲ ಬಾಡೂಟ ಹಾಕಿಸಿ, ಅವ್ವ ಆ ಪಾಚಿ ಮೆಟ್ಟಿಲಲ್ಲಿ ಹಗ್ಗ ಹಿಡ್ಕೊಂಡು ಸಾಯ್ಬೇಕಾ?

ಕೊನೇ ಮಾತು ಆಡಬಾರದಿತ್ತು. ಅಪ್ಪ ಗುದ್ದಲಿ ಊರಿಕೊಂಡು ನಿಂತೋನು ನೆಲ ನೋಡಿದ. "ಹೇಳಾಯ್ತಲ್ಲ ಮಗ. ಬಾಗ್ಲಲ್ಲಿ ನಿಂತು ಆಡಿದ್ ಮಾತ ವಾಪಸ್ ಈಸ್ಕೊಳಕಾಯ್ತದಾ?" ಅಂದ.

"ಯಾಕೆ ಹಂಗಂದೆ, ಅದನ್ನಾದ್ರೂ ಹೇಳು."

"ಕರೀಬೇಕು ಅನ್ನುಸ್ತು, ಕರ್ದೆ." ಮತ್ತೆ ಬಗ್ಗಿ ನೀರು ತಿರುಗಿಸೋಕೆ ಮಡೆ ಕಟ್ಟೋಕೆ ಶುರು ಮಾಡಿದ. ಅವನು ಹಂಗೇ. ಬೈದರೂ ಮಾತಿಲ್ಲ, ಹೊಗಳಿದರೂ ಮಾತಿಲ್ಲ. ಅತ್ತೆಯನ್ನ ಕೇಳಿದೆ, ಅವಳೂ ಸೆರಗು ಬಾಯಿಗೆ ಇಟ್ಟುಕೊಂಡು, "ನಿಮ್ಮಪ್ಪನ್ನೇ ಕೇಳು" ಅಂದಳು.

ಆ ದಿನ ಪೂರ್ತಿ ಪುಸ್ತಕ ಬಿಚ್ಚಿಕೊಂಡು ಕೂತೆ. ಶಾಮಿಯಾನ ಒಂದು ಅಂಕಣ ಕಡಿಮೆ ಮಾಡಿದೆ, ಬೋಟಿ ಗೊಜ್ಜು ಸಾಕು ಚಾಪ್ಸ್ ಬೇಡ ಅಂದೆ, ಕೈಮೀಸಲು ತಿಂದೆ. ಏನು ಮಾಡಿದರೂ ಅರವತ್ತು ಎಪ್ಪತ್ತು ಸಾವಿರ ಕಡಿಮೆ ಬೀಳ್ತಿತ್ತು. ನನ್ನದೊಂದು ಚೀಟಿ ದುಡ್ಡಿತ್ತು, ಐವತ್ತು ಸಾವಿರ. ಗಂಡನಿಗೆ ಫೋನ್ ಮಾಡಿದೆ, ಅವನು ಒಂದು ಮಾತೂ ಕೇಳದೆ ತಗೋ ಅಂದ. ಅಪ್ಪನಿಗೆ ಹೇಳಿದರೆ, ಅಪ್ಪ ಉಣ್ಣುತ್ತಿದ್ದ ತಟ್ಟೆ ಪಕ್ಕಕ್ಕೆ ಸರಿಸಿ, "ಕೊಟ್ ಹೆಣ್ಮಗಳ ದುಡ್ಡಲ್ಲಿ ನಾನು ಊರ್ಗೆ ಊಟ ಹಾಕ್ಲಾ? ಅದೊಂದ್ ಮಾತ ಆಡ್ಬ್ಯಾಡ" ಅಂದ. ಅಷ್ಟು ಗಟ್ಟಿಯಾಗಿ ಅವನು ಮಾತಾಡಿದ್ದು ನಾನು ಕೇಳಿರಲಿಲ್ಲ.

ಮಾರನೇ ದಿನ ಬೆಳಿಗ್ಗೆ ಎದ್ದು ನೋಡ್ತೀನಿ, ಅವ್ವ ಕುರಿ ರೊಪ್ಪದಲ್ಲಿ ಒಂದು ಬಟ್ಟಲು ಅರಿಶಿನ ಕಲೆಸಿಕೊಂಡು ನಿಂತಿದ್ದಾಳೆ. ಒಂದೊಂದೇ ಟಗರು ಹಿಡಿದು ಹಣೆಗೆ ಹಚ್ಚುತ್ತಿದ್ದಾಳೆ. ಆರಕ್ಕೂ ಹಚ್ಚಿದಳು. ನಾನು ಅಳೋಕೆ ಶುರು ಮಾಡಿದೆ, ಕೋಪಕ್ಕೋ ಸಂಕಟಕ್ಕೋ ಗೊತ್ತಿಲ್ಲ.

"ಅಳ್ತಾಳೆ ನೋಡು ದೊಡ್ಡೋಳು" ಅಂತ ನನ್ನ ಹಣೆಗೂ ಒಂದು ಬೊಟ್ಟು ಇಟ್ಟಳು. "ಟಗರು ಇರೋದೇ ತಿನ್ನಾಕೆ. ನನ್ ಮಂಡಿ ಎಲ್ಗೂ ಓಡೋಗಾಕಿಲ್ಲ, ಬರೋ ವರ್ಸಕ್ಕೂ ಇಲ್ಲೇ ಇರ್ತದೆ. ಹೋಗು, ಕಾಫಿ ಕುಡಿ."

"ಅವ್ವ, ನಿಂಗೂ ಗೊತ್ತಾ ಅಪ್ಪ ಯಾಕೆ ಕರ್ದ ಅಂತ?"

"ನಿಮ್ಮಪ್ಪನ್ ಹೊಟ್ಟೇಲಿ ಏನೈತೆ ಅಂತ ಮೂವತ್ತೈದು ವರ್ಸದಿಂದ ನೋಡ್ತಾವ್ನಿ" ಅಂದಳು ಅವ್ವ. ನಾನು ಪುಸ್ತಕದ ಮೊದಲನೇ ಪುಟ ತೆಗೆದು, ಮೇಲಿನ ಸಾಲನ್ನ ಹೊಡೆದು ಹಾಕಿದೆ. ಪೆನ್ನು ಹಾಳೆಯನ್ನ ಹರಿದುಕೊಂಡು ಹೋಯ್ತು.

ಇಲ್ಲಿ ನನ್ನ ಮದುವೆಯದೂ ಒಂದು ಮಾತು ಹೇಳಬೇಕು. ನನ್ನ ಮದುವೆ ಆಗಿದ್ದು ಕೊರೋನಾ ಕಾಲದಲ್ಲಿ. ಐವತ್ತು ಜನ ಮೀರಂಗಿಲ್ಲ ಅಂತ ಕಟ್ಟಪ್ಪಣೆ. ಕನಕಪುರದ ಛತ್ರ ಇಲ್ಲ, ವಾಲಗ ಇಲ್ಲ, ಮನೆ ಮುಂದೆಯೇ ನಾಲ್ಕು ಕಂಬ ನೆಟ್ಟು ತೆಂಗಿನಗರಿ ಹೊದಿಸಿದ್ದರು. ಗಂಡಿನ ಕಡೆ ಇಪ್ಪತ್ತೈದು, ನಮ್ಮ ಕಡೆ ಇಪ್ಪತ್ತೈದು. ಊರಿನವರು ಅವರವರ ಜಗಲಿ ಮೇಲೆ, ತಾರಸಿ ಮೇಲೆ ನಿಂತು ದೂರದಿಂದಲೇ ಅಕ್ಷತೆ ತೂರಿದರು. ತಾಳಿ ಕಟ್ಟೋ ಹೊತ್ತಿಗೆ ಸರಿಯಾಗಿ ಎದುರು ಮನೆಯ ಕುಕ್ಕರ್ ಕೂಗಿತು. ಅದರ ಹಿಂದೆಯೇ ಪಕ್ಕದ ಮನೆಯದು, ಆಮೇಲೆ ಹಿಂದಿನ ಬೀದಿಯದು. ಗಟ್ಟಿಮೇಳ ಇಲ್ಲದ ಮದುವೆಗೆ ಕುಕ್ಕರ್ ಮೇಳ ಅಂತ ನನಗೆ ತಡೆಯಲಾರದ ನಗು ಬಂತು. ತಾಳಿ ಕಟ್ಟಿಸಿಕೊಳ್ಳುವಾಗ ಹಲ್ಲು ಬಿಟ್ಟುಕೊಂಡು ನಗ್ತಿರೋ ನನ್ನ ಫೋಟೋ ಈಗಲೂ ಅಪ್ಪನ ಮನೆಯ ಗೋಡೆ ಮೇಲಿದೆ. ಖರ್ಚು ಕಡಿಮೆಯಲ್ಲಿ ಆದ ಮದುವೆ, ಒಳ್ಳೇದೇ ಆಯ್ತು ಅಂತ ನಾನೇ ಎಲ್ಲರ ಹತ್ತಿರ ಹೇಳಿಕೊಂಡು ತಿರುಗಿದ್ದೆ. ನಂಬಿಯೂ ಇದ್ದೆ.

ಬೀಗರೂಟದ ದಿನ ಬಂತು. ಬೀಗರ ಬಸ್ಸು ಹನ್ನೊಂದೂವರೆಗೇ ಬಂದಿಳಿದವು, ವಾಲಗ ಬಡಿಯಿತು, ಮೊದಲನೇ ಪಂತಿ ಅವರಿಗೆ. ನಾನು ಶಾಮಿಯಾನದ ಬಾಯಲ್ಲಿ ಪುಸ್ತಕ ಹಿಡಿದು ನಿಂತೆ, ಪಂತಿಗೆ ಎಷ್ಟು ಎಲೆ ಅಂತ ಗೀಟು ಎಳೆಯೋದು, ಅಡುಗೆಯವನಿಗೆ ಕೂಗಿ ಹೇಳೋದು. ಹೊಸ ರೇಷ್ಮೆ ಸೀರೆ ಉಟ್ಟಿದ್ದೆ, ಸೆರಗನ್ನ ಸೊಂಟಕ್ಕೆ ಸಿಕ್ಕಿಸಿದ್ದೆ, ಕಿವಿಗೆ ಪೆನ್ನು. ಅಪ್ಪ ಹೊಸ ಪಂಚೆ ಮೇಲಕ್ಕೆ ಕಟ್ಟಿ ಸಾರಿನ ಬಕೆಟ್ ಹಿಡಿದುಬಿಟ್ಟಿದ್ದ. ಊರಲ್ಲಿ ಯಾರ ಮನೆ ಊಟ ಆದರೂ ಸಾರು ಬಡಿಸೋನು ಅವನೇ. ಇವತ್ತು ನೀನೇ ಯಜಮಾನ ಕಣಯ್ಯ, ಕೂತ್ಕೋ ಅಂತ ಯಾರು ಅಂದರೂ ಕೇಳಲಿಲ್ಲ.

ಎರಡನೇ ಪಂತಿ ಏಳೋ ಹೊತ್ತಿಗೆ ಊರು ಬಂತು. ಒಬ್ಬಿಬ್ಬರಲ್ಲ, ಇಡೀ ಊರು. ಮುಂದೆ ಹೆಂಗಸರು, ಹಿಂದೆ ಗಂಡಸರು, ಕಂಕುಳಲ್ಲಿ ಮಕ್ಕಳು. ನಾನು ಪುಸ್ತಕ ತೆಗೆದು ಎಣಿಸೋಕೆ ಶುರು ಮಾಡಿದೆ. ಹಿಂದಿನ ಬೀದಿಯ ಅಜ್ಜಿ ಮುಂದೆ ಬಂದಳು, ಕೈಯಲ್ಲಿ ಒಂದು ತಟ್ಟೆ. ಅಕ್ಕಿ, ಬೆಲ್ಲದಚ್ಚು, ಕೊಬ್ಬರಿ ಗಿಟುಕು, ವೀಳ್ಯದೆಲೆ, ಒಂದು ರವಿಕೆ ಕಣ. ಮಡಲಕ್ಕಿ ತುಂಬೋ ಸಾಮಾನು. ಅವಳು ಬೇಗ ಮುಂದೆ ಹೋಗಲಿ ಅಂತ ನಾನು, "ಮದ್ಲಗಿತ್ತಿ ಆ ಕಡೆ ಚಪ್ಪರದಲ್ಲವ್ಳೆ ಅಜ್ಜಿ" ಅಂದೆ.

"ಅವ್ಳಿಗೂ ತುಂಬ್ತೀವಿ. ಮೊದ್ಲು ನೀನು ಆ ಪುಸ್ತಕ ಕೆಳಗಾಕು. ಸೆರಗೊಡ್ಡು."

"ನಾನ್ಯಾಕೆ? ನಂದಾಗಿ ಐದು ವರ್ಷ ಆಯ್ತು."

"ಆಯ್ತು, ಯಾರು ಉಂಡೋರು?" ಅಂದಳು ಅಜ್ಜಿ. "ನಿನ್ನ ಎತ್ತಾಡ್ಸಿದ್ ಕೈಯಿದು. ನಿನ್ ಮದ್ವೆ ದಿವ್ಸ ಜಗಲಿ ಮ್ಯಾಲೆ ನಿಂತು ಕಣ್ಣೀರ್ ಹಾಕ್ದೆ. ನಿಮ್ಮಪ್ಪ ಬಾಗ್ಲಿಗ್ ಬಂದು ಏನಂದ ಗೊತ್ತಾ? 'ಮಗನ್ ಬೀಗರೂಟ ಐತೆ, ಬನ್ನಿ. ಅದ್ರ ಜೊತ್ಗೆ ನನ್ ಮಗ್ಳು ಮದ್ವೆ ಊಟನೂ ಬಾಕಿ ಐತೆ. ಒಲೆ ಹಚ್ಚಬ್ಯಾಡಿ.' ಊರ್ಗೆಲ್ಲ ಗೊತ್ತು, ನಿಂಗೊಬ್ಳಿಗೇ ಗೊತ್ತಿಲ್ವಾ?"

ಅತ್ತೆ ಬಂದು ನನ್ನ ಕೈಯಿಂದ ಪುಸ್ತಕ ಕಿತ್ತುಕೊಂಡಳು, ಕಿವಿಯಿಂದ ಪೆನ್ನು ತೆಗೆದಳು, ಸೊಂಟದಿಂದ ಸೆರಗು ಬಿಡಿಸಿ ನನ್ನ ಎರಡು ಕೈಗೆ ಕೊಟ್ಟಳು. ಅಜ್ಜಿ ಮೂರು ಸಲ ಅಕ್ಕಿ ತುಂಬಿದಳು. ಅವಳ ಹಿಂದೆ ಇನ್ನೊಬ್ಬಳು, ಅವಳ ಹಿಂದೆ ಮತ್ತೊಬ್ಬಳು. ಕೆಲವರು ಅಕ್ಕಿ ತಂದಿದ್ದರು, ಕೆಲವರು ಮುಯ್ಯಿ ಅಂತ ನೂರು, ಇನ್ನೂರು ಸೆರಗಿಗೆ ಹಾಕಿದರು, ಒಬ್ಬಾಕೆ ಮಡಿಚಿದ ಐವತ್ತರ ನೋಟನ್ನ ಅಕ್ಕಿಯೊಳಗೆ ಒತ್ತಿ ಮುಚ್ಚಿದಳು. ಸೆರಗು ಭಾರ ಆಯ್ತು. ಅತ್ತೆ ಕೆಳಗಿಂದ ಕೈ ಕೊಟ್ಟಳು. ನಾನು ಯಾರು ಎಷ್ಟು ಹಾಕಿದರು ಅಂತ ನೋಡಲಿಲ್ಲ, ಕಣ್ಣು ಕಾಣಿಸ್ತಿದ್ದರೆ ತಾನೆ. ಆ ಮುಯ್ಯಿ ಇವತ್ತಿಗೂ ಎಲ್ಲೂ ಬರೆದಿಲ್ಲ. ಡೇರಿಯವಳು ನಾನು! ಮುಯ್ಯಿ ಅಂದರೆ ತಿರುಗಿಸಿ ಹಾಕಲೇಬೇಕು, ಯಾರದೆಷ್ಟು ಅಂತ ಗೊತ್ತಿಲ್ಲ, ಅದಕ್ಕೇ ಈಗ ಊರಲ್ಲಿ ಯಾರ ಮನೇಲಿ ಏನು ನಡೆದರೂ ಚನ್ನಪಟ್ಟಣದಿಂದ ಬಸ್ಸು ಹತ್ತಿ ಹೋಗಿ ಮುಯ್ಯಿ ಹಾಕಿ ಬರ್ತೀನಿ.

ಅಪ್ಪ ಆ ಕಡೆ ಮೂರನೇ ಪಂತಿಗೆ ಸಾರು ಬಡಿಸ್ತಿದ್ದ. ನನ್ನ ಕಡೆ ಒಂದು ಸಲ ನೋಡಿದ. ನೋಡಿದೋನು ಬಕೆಟ್ಟು ಖಾಲಿ ಆಗದೆ ಇದ್ದರೂ ತುಂಬಿಸಿಕೊಳ್ಳೋಕೆ ಅಂತ ಅಡುಗೆ ಕಡೆ ಹೋಗಿಬಿಟ್ಟ.

ಏಳುನೂರರವತ್ತು ಅಂದುಕೊಂಡಿದ್ದು ಎಂಟುನೂರರ ಹತ್ತಿರ ಬಂತಂತೆ, ಅತ್ತೆ ಎಣಿಸಿದ್ದು. ಹದಿನಾಲ್ಕು ಟಗರಿನ ಬಾಡು ಕೊನೇ ಎಲೆವರೆಗೂ ಬಂತು, ಮುದ್ದೆ ಮಾತ್ರ ಕಡೇಲಿ ಸಣ್ಣದಾಯ್ತು. ಮನೆಯವರಿಗೆ ಉಳಿದದ್ದು ಅನ್ನ, ತಿಳಿಸಾರು. ಅದನ್ನೇ ಎಲ್ಲರೂ ಒಂದೇ ತಟ್ಟೆಗೆ ಕೈ ಹಾಕಿ ಉಂಡೆವು. ಹೊಸ ಹೆಣ್ಣು ಪಾಪ, ಮೊದಲ ದಿನವೇ ಇದೇನು ಮನೆ ಅಂತ ನೋಡ್ತಿದ್ದಳು, ಆಮೇಲೆ ತಾನೂ ಕೈ ಹಾಕಿದಳು.

ನನ್ನ ಮುಯ್ಯಿಯನ್ನ ಮಾರನೇ ದಿನ ಎಣಿಸಿದೋಳು ಅವ್ವ. ಹದಿನೆಂಟು ಸಾವಿರದ ಮುನ್ನೂರು. ನಾನು ಅದನ್ನ ತೆಗೆದುಕೊಂಡು ನೇರ ಅಪ್ಪನ ಮುಂದೆ ಹೋಗಿ ನಿಂತೆ. "ಇದು ಕೊಟ್ಟ ಹೆಣ್ಮಗಳ ದುಡ್ಡಲ್ಲ. ಮದ್ಲಗಿತ್ತಿ ಮುಯ್ಯಿ. ಮದ್ಲಗಿತ್ತಿ ಮುಯ್ಯಿ ಏನಾದ್ರೂ ಮಾಡ್ಕೋಬೌದು, ಯಾರೂ ಕೇಳಂಗಿಲ್ಲ. ಹೌದೋ ಅಲ್ವೋ?" ಅಂದೆ. ಅಪ್ಪ ತಲೆ ಕೆರೆದುಕೊಂಡ. ಮೇಸ್ತ್ರಿಗೆ ಅವತ್ತೇ ಫೋನ್ ಮಾಡಿದೆ. ಕಮೋಡು, ಪೈಪು, ಬಾಗಿಲು ಅದರಲ್ಲಿ ಬಂತು. ಇಟ್ಟಿಗೆ ಸಿಮೆಂಟು ಮುಂದಿನ ಬೆಳೆ ಗೂಡಿನದು, ಕೂಲಿ ತಮ್ಮನದು. ಅವ್ವ ಎಳೆದ ಸುಣ್ಣದ ಗೆರೆ ಮೇಲೆಯೇ ಗೋಡೆ ಎದ್ದಿತು, ಗೌರಿಹಬ್ಬಕ್ಕಲ್ಲ, ಸಂಕ್ರಾಂತಿಗೆ. ನಡುವೆ ಒಂದು ಮಳೆಗಾಲ ಅವ್ವ ಹಗ್ಗ ಹಿಡಿದೇ ಕಳೆದಳು. ಅದು ನೆನೆಸಿಕೊಂಡರೆ ಈಗಲೂ ನನಗೆ ಅಪ್ಪನ ಮೇಲೆ ಸಿಟ್ಟು ಬರುತ್ತೆ. ಈಗ ಮನೆಗೆ ಯಾರು ಬಂದರೂ ಅವ್ವ ಕೈ ಹಿಡಿದು ಕರೆದುಕೊಂಡು ಹೋಗಿ ಕಮೋಡ್ ತೋರಿಸಿ, "ಇದು ನಮ್ಮುಡ್ಗಿ ಮದ್ವೆ ಮುಯ್ಯಿ" ಅಂತಾಳೆ. ನನಗೆ ನೆಲ ಬಿರಿದರೆ ಒಳಗೆ ಹೋಗೋಣ ಅನ್ನಿಸುತ್ತೆ.

ಸಂಕ್ರಾಂತಿಗೆ ಹೋದಾಗ ಅಪ್ಪ ಜಗಲಿ ಮೇಲೆ ಕಬ್ಬು ಸಿಗೀತಾ ಕೂತಿದ್ದ. ನಾನು ಪಕ್ಕದಲ್ಲಿ ಕೂತು, "ನಂಗೆ ಮೊದ್ಲೇ ಹೇಳಿದ್ರೆ ಏನಾಗ್ತಿತ್ತಪ್ಪ?" ಅಂದೆ.

"ಹೇಳಿದ್ರೆ ಬ್ಯಾಡ ಅಂತಿದ್ದೆ. ಲೆಕ್ಕ ತೋರಿಸ್ತಿದ್ದೆ."

ಅದು ನಿಜ. ತೋರಿಸ್ತಿದ್ದೆ. "ನನ್ ಮದ್ವೆ ಚೆನ್ನಾಗೇ ಆಯ್ತಲ್ಲ, ನಾನು ನಗ್ತಾ ಇದ್ದೆ, ಬೇಕಾದ್ರೆ ಫೋಟೋ ನೋಡು" ಅಂದೆ.

ಅಪ್ಪ ಕಬ್ಬಿನ ಒಂದು ತುಂಡು ಸಿಗಿದು ನನ್ನ ಕೈಗೆ ಕೊಟ್ಟ. "ನೀನು ನಗ್ತಿದ್ದೆ. ನಾನು ಎಣುಸ್ತಿದ್ದೆ" ಅಂದ. "ನೀನು ತಾಳಿ ಕಟ್ಟುಸ್ಕೊಳೋ ಹೊತ್ತಲ್ಲಿ ಹದ್ನಾಕು ಮನೆ ಕುಕ್ಕರ್ ಕೂಗಿದ್ವು ಕಣವ್ವ. ನಮ್ಮೂರಲ್ಲಿ ನನ್ ಮಗ್ಳು ಮದ್ವೆ, ಹದ್ನಾಕು ಮನೇಲಿ ಒಲೆ ಉರೀತೈತೆ."

ಜೇಬಲ್ಲಿರೋ ನೋಟು ಎಣಿಸದ ಮನುಷ್ಯ. ಐದು ವರ್ಷ ಆ ಹದಿನಾಲ್ಕನ್ನ ಹೊಟ್ಟೆಯಲ್ಲಿ ಇಟ್ಟುಕೊಂಡಿದ್ದ. ನಾನು ಕಬ್ಬು ಕಚ್ಚದೆ ಕೈಯಲ್ಲೇ ಹಿಡಿದುಕೊಂಡು ಕೂತೆ. "ಮತ್ತೆ ಬೀಗರೂಟದ ದಿವ್ಸ? ಅವತ್ತೆಷ್ಟು ಕೂಗಿದ್ವು?" ಅಂತ ಕೇಳಿದೆ.

"ಒಂದೂ ಇಲ್ಲ" ಅಂದ ಅಪ್ಪ. "ಬಕೆಟ್ ಹಿಡ್ಕೊಂಡು ಕೇಳುಸ್ಕೊತಾನೆ ಇದ್ದೆ. ಒಂದೂ ಕೂಗ್ಲಿಲ್ಲ."